12ರ ಹುಡುಗಿಯನ್ನು 17ರೊಳಗಿನವರ ಸಾಫ್ಟ್‌ಬಾಲ್ ತಂಡಕ್ಕೆ ಕಳುಹಿಸಬಹುದೇ?

ಹೊಲಿಗೆ ಮನೆ, ಕಲಬುರಗಿ · ಸೋಮವಾರ, ರಾತ್ರಿ 9:50

ಎಲ್ಲರಿಗೂ ಶರಣು. ನನ್ನ ಮಗಳಿಗೆ 12 ವರ್ಷ, ಏಳನೆಯ ತರಗತಿ. ಬೇಸ್‌ಬಾಲ್‌ನಂಥ ಸಾಫ್ಟ್‌ಬಾಲ್ ಆಟದಲ್ಲಿ ಪಿಚರ್, ಎಂದರೆ ಬ್ಯಾಟ್ ಮಾಡುವವರಿಗೆ ಚೆಂಡು ಎಸೆಯುವವಳು. ಶಾಲಾ ಕ್ರೀಡಾಕೂಟಗಳ 14 ವರ್ಷದೊಳಗಿನವರ ವಿಭಾಗದಲ್ಲಿ ಈ ವರ್ಷವೂ ಮುಂದಿನ ವರ್ಷವೂ ಆಡುವ ಅರ್ಹತೆ ಅವಳಿಗಿದೆ. ಆದರೆ ಅವಳ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು ಈಗಲೇ 17ರೊಳಗಿನವರ ತಂಡದಲ್ಲಿ ಆಡಿಸೋಣ ಎನ್ನುತ್ತಿದ್ದಾರೆ. ತಿಂಗಳ ಕೊನೆಯೊಳಗೆ ನಾನು ಉತ್ತರ ಹೇಳಬೇಕು. ಅವಳ ತಂದೆ ಲಾರಿ ಓಡಿಸುತ್ತಾರೆ, ಮನೆಯಲ್ಲಿ ಇರುವ ದಿನಗಳು ಕಡಿಮೆ. "ನೀನು ದಿನಾ ಆಟ ನೋಡುತ್ತೀಯ, ನಿನಗೆ ಸರಿ ಎನಿಸಿದ್ದನ್ನು ಮಾಡು" ಎಂದು ಫೋನಿನಲ್ಲಿ ಹೇಳಿದರು.

ಹೆತ್ತವಳ ಅಭಿಮಾನ ಎಂದುಕೊಳ್ಳಬೇಡಿ, ಅವಳ ವಯಸ್ಸಿನವರಿಗೆ ಅವಳ ಚೆಂಡನ್ನು ಮುಟ್ಟುವುದೇ ಕಷ್ಟ. ಕಳೆದ ವಾರ ನಗರದ ಇನ್ನೊಂದು ಶಾಲೆಯೊಂದಿಗೆ ಅಭ್ಯಾಸ ಪಂದ್ಯ ನಡೆಯಿತು. ನಾಲ್ಕು ಇನ್ನಿಂಗ್ಸ್‌ಗಳಲ್ಲಿ ಆ ಕಡೆಯ ಒಬ್ಬಳೇ ಹುಡುಗಿ ರನ್‌ಗಾಗಿ ಓಡುವ ದಾರಿಯ ಮೊದಲ ಬೇಸ್ ತಲುಪಿದ್ದು, ಅದೂ ನಮ್ಮವರ ಗ್ಲೌಸ್‌ನಿಂದ ಚೆಂಡು ಜಾರಿದ್ದಕ್ಕೆ. ಪಂದ್ಯ ಮುಗಿಸಿ ಬಂದ ಮಗಳ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ. "ಅವ್ವಾ, ಇವತ್ತು ಬೇಸರ ಬಂತು" ಎಂದಳು. ಆ ಮಾತು ನನ್ನ ಎದೆಯಲ್ಲಿ ಹಾಗೆಯೇ ಕುಳಿತಿದೆ.

ಇನ್ನು ದೊಡ್ಡವರ ತಂಡ. ಅಲ್ಲಿ ಹತ್ತನೆಯ ತರಗತಿಯ ಹುಡುಗಿಯರಿದ್ದಾರೆ, ನನ್ನ ಮಗಳ ತಲೆ ಅವರ ಭುಜದ ಮಟ್ಟಕ್ಕೆ ಬರುತ್ತದೆ. ಆಟದ ಹೆಸರು ಸಾಫ್ಟ್‌ಬಾಲ್ ಆದರೂ ಚೆಂಡು ಗಟ್ಟಿ, ತೂಕ 180ರಿಂದ 200 ಗ್ರಾಂ. ಅವರು ಹೊಡೆದ ಸದ್ದಿಗೆ ಬೇವಿನ ಮರದ ಕೆಳಗೆ ಕುಳಿತ ನಾನೇ ಬೆಚ್ಚಿ ಬೀಳುತ್ತೇನೆ.

ಶಿಕ್ಷಕರ ಮೇಲೆ ನನಗೆ ಗೌರವವಿದೆ. ಬೆಳಿಗ್ಗೆ ಆರಕ್ಕೇ ಮೈದಾನದಲ್ಲಿರುತ್ತಾರೆ. ದೊಡ್ಡವರ ತಂಡದ ಪಿಚರ್ ಶಾಲೆ ಮುಗಿಸಿ ಹೋದಳು, ಆ ಜಾಗ ಖಾಲಿಯಾಗಿದೆ. "ನಿಮ್ಮ ಮಗಳು ಬಂದರೆ ಹತ್ತನೆಯ ತರಗತಿಯ ಈ ಮಕ್ಕಳು ಜಿಲ್ಲೆ ದಾಟಿ ವಿಭಾಗ ಮಟ್ಟದ ಪಂದ್ಯ ನೋಡುತ್ತಾರೆ, ಅವರಿಗೆ ಇದು ಕೊನೆಯ ವರ್ಷ" ಎಂದು ಅವರು ಹೇಳಿದಾಗ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಮಕ್ಕಳೂ ನನ್ನ ಕಣ್ಣೆದುರು ಬೆಳೆದವರು. ಅವರ ಅಂಗಿಗಳ ಮೇಲಿನ ಸಂಖ್ಯೆಗಳನ್ನು ಹೊಲಿದವಳು ನಾನೇ.

ಆಡಿದವರು, ಆಡಿಸಿದವರು, ಮಕ್ಕಳನ್ನು ಕಳುಹಿಸಿದವರು ದಯವಿಟ್ಟು ಹೇಳಿ.

ಮೆಣಸಿನ ಹೊಲ, ಯಾದಗಿರಿ · ಸೋಮವಾರ, ರಾತ್ರಿ 10:25

ಅಕ್ಕಾ, ಕಳುಹಿಸಿ. ಮಗು ಬೇಸರ ಬಂತು ಎಂದು ತಾನಾಗಿ ಹೇಳಿದ ಮೇಲೆ ಇನ್ನೇನು ಬೇಕು?

ನಾನು ಮೆಣಸಿನಕಾಯಿ ಬೆಳೆಯುವವನು. ಸಸಿಯನ್ನು ಮಡಿಯಿಂದ ಕಿತ್ತು ಹೊಲಕ್ಕೆ ಹಚ್ಚಲು ಒಂದು ಸಮಯವಿದೆ, ಬಿತ್ತಿ ಸುಮಾರು 40 ದಿನ. ಎಳೆಯದು ಎಂದು ಮರುಕಪಟ್ಟು ಮಡಿಯಲ್ಲೇ ಬಿಟ್ಟರೆ ಒತ್ತೊತ್ತಾಗಿ ಉದ್ದ ಬೆಳೆದು ಕಾಂಡ ಸಣ್ಣಗಾಗುತ್ತದೆ. ಆಮೇಲೆ ಹೊಲಕ್ಕೆ ಹಚ್ಚಿದರೂ ಹಿಡಿಯುವುದಿಲ್ಲ.

ನನ್ನ ಮಗಳು ವಾಲಿಬಾಲ್ ಆಡುತ್ತಾಳೆ. ಎಂಟನೆಯ ತರಗತಿಯಲ್ಲಿದ್ದಾಗಲೇ ದೊಡ್ಡವರ ಜೊತೆ ಆಡಿಸಿದೆವು. ಮೊದಲ ಆರು ತಿಂಗಳು ಅತ್ತಳು, ಆಮೇಲೆ ಅವಳ ಆಟವೇ ಬೇರೆಯಾಯಿತು. ಶಫಾಲಿ ವರ್ಮಾ 2019ರಲ್ಲಿ ಭಾರತದ ಹಿರಿಯರ ಕ್ರಿಕೆಟ್ ತಂಡಕ್ಕೆ ಬಂದಾಗ ವಯಸ್ಸು 15. ಅವರನ್ನು ಯಾರಾದರೂ ತಡೆದು ನಿಲ್ಲಿಸಿದ್ದರೆ ಏನಾಗುತ್ತಿತ್ತು?

ಆಳಂದದ ಮುತ್ಯಾ · ಮಂಗಳವಾರ, ಬೆಳಿಗ್ಗೆ 5:40

ತಾಯಿ, ನನಗೆ ಸಾಫ್ಟ್‌ಬಾಲ್ ತಿಳಿಯದು. ಮೊಮ್ಮಗ ಓದಿ ಹೇಳಿದ, ಉತ್ತರವನ್ನೂ ಅವನೇ ಬರೆಯುತ್ತಿದ್ದಾನೆ. ನಾನು ಕುಸ್ತಿ ಆಡಿದವನು.

ಜಾತ್ರೆಯ ಕುಸ್ತಿಯಲ್ಲಿ ವಯಸ್ಸು ಕೇಳುವ ಪದ್ಧತಿ ಇರಲಿಲ್ಲ. ಕೇಳಿ ಪ್ರಯೋಜನವೂ ಇರಲಿಲ್ಲ. ನಮ್ಮನ್ನೆಲ್ಲ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಜೂನ್ 1 ಎಂದು ಬರೆದುಕೊಂಡರು, ಊರಿನ ಅರ್ಧ ಜನರ ಹುಟ್ಟಿದ ದಿನ ಅದೇ. ಆದ್ದರಿಂದ ಹಿರಿಯ ಉಸ್ತಾದರು ಇಬ್ಬರನ್ನು ಅಖಾಡದಲ್ಲಿ ಎದುರುಬದುರು ನಿಲ್ಲಿಸಿ, ಕತ್ತು ನೋಡಿ, ಮಣಿಕಟ್ಟು ಹಿಡಿದು ನೋಡಿ, ತೊಡೆ ನೋಡಿ ಜೋಡಿ ಕೂಡಿಸುತ್ತಿದ್ದರು. ಜೋಡಿ ಕೂಡಲಿಲ್ಲ ಎಂದರೆ ಎಂಥ ಪೈಲ್ವಾನನ ಮಗನಾದರೂ ಹಿಂದಕ್ಕೆ ಕಳುಹಿಸುತ್ತಿದ್ದರು. ಅದರಲ್ಲಿ ಅವಮಾನವಿರಲಿಲ್ಲ.

ಒಂದು ವರ್ಷ ನಮ್ಮ ಉಸ್ತಾದರು ಬೇರೆ ಊರಿಗೆ ಹೋಗಿದ್ದರು. ನಾನು ಚುರುಕಾಗಿದ್ದೆ, ಜನ ಕೂಗಿದರು, ನನಗಿಂತ ನಾಲ್ಕೈದು ವರ್ಷ ದೊಡ್ಡವನ ಎದುರು ಇಳಿದೆ. ಪಟ್ಟು ನನಗೇ ಹೆಚ್ಚು ಗೊತ್ತಿತ್ತು. ಆದರೆ ಅವನು ಮೈಮೇಲೆ ಬಿದ್ದಾಗ ಪಟ್ಟು ಏನು ಮಾಡೀತು? ಮೊಣಕೈ ಮುರಿಯಿತು. ಇಂದಿಗೂ ಆ ಕೈ ನೇರವಾಗುವುದಿಲ್ಲ.

ನಿಮ್ಮ ಮಗಳ ಪಟ್ಟಿನ ಬಗ್ಗೆ ಎಲ್ಲರೂ ಹೇಳುತ್ತಿದ್ದಾರೆ. ಅವಳ ಮಣಿಕಟ್ಟನ್ನು ಯಾರು ಹಿಡಿದು ನೋಡಿದ್ದಾರೆ?

ಕಮಲಾಪುರ ಕಾಲೇಜು ವಿದ್ಯಾರ್ಥಿ · ಮಂಗಳವಾರ, ಬೆಳಿಗ್ಗೆ 8:15

ಮುತ್ಯಾ ಅವರಿಗೆ ನಮಸ್ಕಾರ. ಆದರೆ ಸಾಫ್ಟ್‌ಬಾಲ್‌ನಲ್ಲಿ ಯಾರೂ ಮೈಮೇಲೆ ಬೀಳುವುದಿಲ್ಲವಲ್ಲ. ಪಿಚರ್‌ಗೆ ಕೌಶಲವಿದ್ದರೆ ಸಾಕು ಎಂದು ನನ್ನ ಅಭಿಪ್ರಾಯ.

ಹಳೆಯ ಪಿಚರ್, ಶಹಾಬಾದ · ಮಂಗಳವಾರ, ಮಧ್ಯಾಹ್ನ 1:30

ತಮ್ಮಾ, ಮೈಮೇಲೆ ಬೀಳುತ್ತಾರೆ. ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಕೈ ತಪ್ಪಿ ಚೆಂಡು ಹಿಂದಕ್ಕೆ ಹೋದಾಗ ಹೋಮ್ ಪ್ಲೇಟನ್ನು, ಎಂದರೆ ಬ್ಯಾಟ್ ಮಾಡುವ, ರನ್ ಮುಗಿಯುವ ಜಾಗವನ್ನು, ಕಾಯಲು ಓಡಿ ಬರಬೇಕಾದವಳು ಪಿಚರ್. ಮೂರನೆಯ ಬೇಸ್‌ನಿಂದ ಓಡಿ ನೆಲದ ಮೇಲೆ ಜಾರುತ್ತ ಬರುವ ಹುಡುಗಿಯ ಬೂಟು ನೇರವಾಗಿ ಮೊಳಕಾಲಿಗೆ ಬರುತ್ತದೆ. ನನ್ನ ಮೊಳಕಾಲಿನಲ್ಲಿ ಗುರುತಿದೆ.

ಅಕ್ಕಾ, ನನ್ನ ಕಥೆ ಹೇಳುತ್ತೇನೆ. ನಾನೂ ನಿಮ್ಮ ಮಗಳಂತೆಯೇ ಇದ್ದೆ, 13ರಲ್ಲಿ ದೊಡ್ಡವರ ತಂಡಕ್ಕೆ ಹಾಕಿದರು. ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಮೊದಲ ಪಂದ್ಯದಲ್ಲಿ ಎರಡು ಇನ್ನಿಂಗ್ಸ್ ಎಸೆದೆ, ಐದು ರನ್ ಹೋದವು. ಆಮೇಲೆ ಹತ್ತನೆಯ ತರಗತಿಯ ಅಕ್ಕನನ್ನು ಎಸೆಯಲು ನಿಲ್ಲಿಸಿ ನನ್ನನ್ನು ದೂರದ ರೈಟ್ ಫೀಲ್ಡ್‌ಗೆ ಫೀಲ್ಡಿಂಗ್‌ಗೆ ಕಳುಹಿಸಿದರು. ಮುಂದಿನ ಪಂದ್ಯಕ್ಕೆ ಬೆಂಚು. ಎರಡು ವರ್ಷ ನಾನು ಮಾಡಿದ ಕೆಲಸವೆಂದರೆ ಬ್ಯಾಟ್‌ಗಳ ಚೀಲ ಹೊರುವುದು, ನೀರಿನ ಕ್ಯಾನ್ ತುಂಬುವುದು, ಅಂಕಗಳ ಪುಸ್ತಕ ಬರೆಯುವುದು. ಯಾರೂ ನನ್ನನ್ನು ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಅಕ್ಕಂದಿರು ಊಟ ಹಂಚಿಕೊಂಡರು, ಜಡೆ ಹೆಣೆದರು. ರಾಜ್ಯ ಮಟ್ಟದವರೆಗೆ ಹೋಗಿ ಪ್ರಮಾಣಪತ್ರವೂ ಬಂತು.

ಆದರೆ ಆ ಎರಡು ವರ್ಷಗಳಲ್ಲಿ ನಿಜವಾದ ಬ್ಯಾಟರ್ ಎದುರು ನಾನು ಎಸೆದದ್ದು ಬೆರಳೆಣಿಕೆಯ ಚೆಂಡುಗಳನ್ನು. ನನ್ನ ಸರದಿ ಬರುವ ಹೊತ್ತಿಗೆ 16 ತುಂಬಿತ್ತು, ಕೈ ಮರೆತಿತ್ತು. ನನ್ನ ಹಿಂದೆ 14ರೊಳಗಿನವರ ತಂಡದಲ್ಲೇ ಉಳಿದ ಹುಡುಗಿ ಅಷ್ಟರಲ್ಲಿ ಎರಡು ವರ್ಷ ಪೂರ್ತಿ ಎಸೆದಿದ್ದಳು, ಅವಳೇ ಪಿಚರ್ ಆದಳು. ನಾನು ಎರಡನೆಯ ಬೇಸ್ ಕಾಯಲು ಹೋದೆ.

ಬೆಂಚಿನ ಮೇಲೆ ಕುಳಿತವಳಿಗೂ ಪ್ರಮಾಣಪತ್ರ ಬರುತ್ತದೆ ಅಕ್ಕಾ. ಬ್ಯಾಟರ್ ಎದುರು ಚೆಂಡು ಸಿಗುವುದಿಲ್ಲ. ಆದ್ದರಿಂದ ಶಿಕ್ಷಕರನ್ನು ಒಂದೇ ಪ್ರಶ್ನೆ ಕೇಳಿ: ಮೊದಲ ಎರಡು ಪಂದ್ಯಗಳಲ್ಲಿ ಅವಳ ಎಸೆತಕ್ಕೆ ಹತ್ತು ರನ್ ಹೋದರೆ ಮೂರನೆಯ ಪಂದ್ಯದಲ್ಲಿ ಯಾರು ಎಸೆಯುತ್ತಾರೆ?

ಹೊಲಿಗೆ ಮನೆ, ಕಲಬುರಗಿ · ಮಂಗಳವಾರ, ರಾತ್ರಿ 9:10

ತಂಗೀ, ನಿನ್ನ ಪ್ರಶ್ನೆಯನ್ನು ಇಂದು ಸಂಜೆಯೇ ಕೇಳಿದೆ. ಶಿಕ್ಷಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಷ್ಟು ರನ್ ಹೋಗುವುದಿಲ್ಲ ಬಿಡಿ" ಎಂದರು. ನನಗೆ ಅದು ಉತ್ತರ ಎನಿಸಲಿಲ್ಲ.

ಮುತ್ಯಾ, ನೀವು ಹೇಳಿದಂತೆ ರಾತ್ರಿ ಅವಳ ಮಣಿಕಟ್ಟು ಹಿಡಿದು ನೋಡಿದೆ. ನನ್ನ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಡಿಲವಾಗಿ ಕೂಡುತ್ತದೆ.

ಆದರೆ ಯಾದಗಿರಿಯ ಅಣ್ಣ ಹೇಳಿದ್ದೂ ಸುಳ್ಳಲ್ಲ. ಅವಳಿಗೆ ಬೇಸರ ಬಂದಿದೆ. ಇದ್ದಲ್ಲೇ ಇರಿಸಿದರೆ ಆಟವನ್ನೇ ಬಿಟ್ಟುಬಿಟ್ಟಾಳೇ ಎನ್ನುವುದು ನನ್ನ ಭಯ.

ದೈಹಿಕ ಶಿಕ್ಷಕಿ, ಸೇಡಂ · ಬುಧವಾರ, ಸಂಜೆ 6:45

ನಾನು ಹದಿನೆಂಟು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಿದ್ದೇನೆ. ಈ ಬೇಸರದ ಮಾತನ್ನೇ ಹಿಡಿದು ಬರೆಯುತ್ತೇನೆ, ಉದ್ದವಾದರೆ ಕ್ಷಮಿಸಿ.

ಮೊದಲು ಮೆಟ್ಟಿಲಿನ ಎತ್ತರ ನೋಡಿ. ಅಮೆರಿಕದಲ್ಲಿ ಈ ಆಟದ ಮಕ್ಕಳ ವಿಭಾಗಗಳು 10, 12, 14, 16, 18 ಎಂದು ಎರಡೆರಡು ವರ್ಷಕ್ಕೆ ಒಂದರಂತೆ ಇವೆ. ಅಲ್ಲಿನ ತರಬೇತುದಾರರು ಧೈರ್ಯವಾಗಿ ಮೇಲೆ ಕಳುಹಿಸಿ ಎನ್ನುವಾಗ ಅವರ ಕಣ್ಣೆದುರು ಇರುವುದು ಎರಡು ವರ್ಷದ ಮೆಟ್ಟಿಲು. ನಮ್ಮ ಶಾಲಾ ಕ್ರೀಡೆಯಲ್ಲಿ ವಿಭಾಗಗಳು 14, 17, 19. ನಿಮ್ಮ ಮಗಳು ಮೇಲೇರಿದರೆ ಎದುರಿಗೆ 16 ತುಂಬಿದವಳು ಬ್ಯಾಟ್ ಹಿಡಿದು ನಿಂತಿರುತ್ತಾಳೆ. ನಾಲ್ಕು ವರ್ಷದ ಅಂತರ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನಾಲ್ಕು ವರ್ಷವೆಂದರೆ ಒಂದು ಇಡೀ ದೇಹವೇ ಬದಲಾಗುವ ಕಾಲ.

ಎರಡನೆಯದು ಅಂತರ. ಮಹಿಳೆಯರ ಆಟದಲ್ಲಿ ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟ್‌ಗೆ 43 ಅಡಿ, ಎಂದರೆ 13.11 ಮೀಟರ್. ಅಲ್ಲಿಂದ ಗಂಟೆಗೆ 60 ಕಿಲೋಮೀಟರ್ ವೇಗದ ಚೆಂಡು ಬಂದರೆ ಬ್ಯಾಟ್ ಹಿಡಿದವಳಿಗೆ ಸಿಗುವ ಸಮಯ 0.79 ಸೆಕೆಂಡ್. 80 ಕಿಲೋಮೀಟರ್ ವೇಗವಾದರೆ 0.59. ಪಿಚರ್ ಒಂದು ದೊಡ್ಡ ಹೆಜ್ಜೆ ಮುಂದಿಟ್ಟು ಎಸೆಯುವುದರಿಂದ ನಿಜವಾಗಿ ಸಿಗುವುದು ಇನ್ನೂ ಕಡಿಮೆ. ಇದು ಬ್ಯಾಟ್ ಮಾಡುವವಳ ಲೆಕ್ಕ. ಪಿಚರ್‌ಳ ಲೆಕ್ಕ ಇದಕ್ಕಿಂತ ಕಠಿಣ. ಎಸೆದು ಮುಗಿಸಿದ ಅವಳು ಬ್ಯಾಟ್‌ನಿಂದ ಸುಮಾರು 12 ಮೀಟರ್ ದೂರದಲ್ಲಿ, ಸಮತೋಲ ಸರಿಯಾಗಿ ಕೂಡದ ಸ್ಥಿತಿಯಲ್ಲಿರುತ್ತಾಳೆ. ದೊಡ್ಡ ಹುಡುಗಿ ಹೊಡೆದ ಚೆಂಡು 90 ಕಿಲೋಮೀಟರ್ ವೇಗದಲ್ಲಿ ನೇರ ಮುಖಕ್ಕೆ ಬಂದರೆ ಇರುವುದು ಅರ್ಧ ಸೆಕೆಂಡಿಗೂ ಕಡಿಮೆ. ನಮ್ಮ ಕಡೆಯ ಮೈದಾನಗಳಲ್ಲಿ ಎರೆಮಣ್ಣು ಬಿರುಕು ಬಿಟ್ಟಲ್ಲಿ ಚೆಂಡು ಯಾವ ದಿಕ್ಕಿಗೆ ಏಳುತ್ತದೆ ಎಂಬುದನ್ನು ಯಾರೂ ಹೇಳಲಾರರು. ಅವಳು ಯಾವ ವಿಭಾಗದಲ್ಲಿ ಆಡಿದರೂ ಮುಖಕ್ಕೆ ಕಂಬಿಯ ಮಾಸ್ಕ್ ಹಾಕಿಸಿ. ಇದರಲ್ಲಿ ಮಾತ್ರ ಚೌಕಾಸಿ ಬೇಡ.

ಈಗ ಬೇಸರ. ಪ್ರತಿಭೆಯಿರುವ ಮಕ್ಕಳಿಗೆ ಸ್ವಂತ ವಿಭಾಗದಲ್ಲಿ ಒಂದು ಕಷ್ಟವಿದೆ: ಒಂದೇ ಅಸ್ತ್ರ ಸಾಕಾಗುತ್ತದೆ. ನಿಮ್ಮ ಮಗಳು ವೇಗವಾಗಿ ಎಸೆಯುತ್ತಾಳೆ, ಎದುರಿನ ಮಗು ತಡವಾಗಿ ಬೀಸುತ್ತದೆ, ಔಟ್. ಇನ್ನೊಂದು ಎಸೆತ ಕಲಿಯುವ ಅಗತ್ಯವೇ ಬೀಳುವುದಿಲ್ಲ. ಅವಳಿಗೆ ಬೇಸರ ಬಂದಿರುವುದು ಎದುರಾಳಿಗಳು ಚಿಕ್ಕವರೆಂದು ಇರಲಾರದು. ಅವಳಿಗೆ ಕೆಲಸವೇ ಇಲ್ಲದಂತಾಗಿದೆ.

ಕೆಲಸವನ್ನು ನಾವು ಕೊಡಬಹುದು. ಚೇಂಜ್‌ಅಪ್ ಎನ್ನುವ ನಿಧಾನದ ಎಸೆತವನ್ನು ಅವಳಿಗೆ ಯಾರಾದರೂ ಕಲಿಸಿದ್ದಾರೆಯೇ? ಕೈ ಅದೇ ವೇಗದಲ್ಲಿ ಸುತ್ತುತ್ತದೆ, ಚೆಂಡು ಮಾತ್ರ ನಿಧಾನವಾಗಿ ಹೋಗುತ್ತದೆ. ಕಲಿಯುವುದು ಕಷ್ಟ, ಏಕೆಂದರೆ ಹುಡುಗಿಯರು ಕೈಯನ್ನೇ ನಿಧಾನ ಮಾಡಿ ಗುಟ್ಟು ಬಿಟ್ಟುಕೊಡುತ್ತಾರೆ. ಕಲಿಯುವಾಗ ರನ್ ಹೋಗುತ್ತವೆ. ಆ ರನ್‌ಗಳನ್ನು ಕೊಟ್ಟು ಕಲಿಯಲು 14ರೊಳಗಿನವರ ಪಂದ್ಯಕ್ಕಿಂತ ಒಳ್ಳೆಯ ಜಾಗವಿಲ್ಲ. ದೊಡ್ಡವರ ಪಂದ್ಯದಲ್ಲಿ ಒಂದು ಚೇಂಜ್‌ಅಪ್ ಕೈತಪ್ಪಿದರೆ ಚೆಂಡು ಬೇಲಿಯಾಚೆ ಹೋಗುತ್ತದೆ, ಮಗು ಮತ್ತೆ ಆ ಎಸೆತವನ್ನು ಮುಟ್ಟುವುದೇ ಇಲ್ಲ.

ಒಂದು ಭಾನುವಾರ ದೊಡ್ಡ ಹುಡುಗಿಯರಿಗೆ ಎಸೆಯಲು ಹೇಳಿ. 40 ಚೆಂಡು, ಹೆಚ್ಚು ಬೇಡ. ನೀವು ಪಕ್ಕದಲ್ಲಿ ಕುಳಿತು ಪ್ರತಿ ಚೆಂಡೂ ಏನಾಯಿತೆಂದು ಬರೆದುಕೊಳ್ಳಿ.

ಮೆಣಸಿನ ಹೊಲ, ಯಾದಗಿರಿ · ಬುಧವಾರ, ರಾತ್ರಿ 8:30

ಮೇಡಂ, ಮೆಟ್ಟಿಲಿನ ಮಾತು ನನಗೆ ಹೊಸದು. ನನ್ನ ಮಗಳು ಮೇಲೆ ಹೋದಾಗ ಅವಳಿಗೆ 14 ನಡೆಯುತ್ತಿತ್ತು, ಎತ್ತರದಲ್ಲಿ ಆ ತಂಡದ ಎಲ್ಲರಿಗೂ ಸಮನಾಗಿದ್ದಳು. ಅದನ್ನು ನಾನು ಮೊದಲೇ ಬರೆಯಬೇಕಿತ್ತು. ಆದರೂ ಬಲವಾದವರ ಎದುರು ಆಡದೆ ಬಲ ಬರುವುದಿಲ್ಲ ಎಂಬ ನನ್ನ ಮಾತನ್ನು ಬಿಡುವುದಿಲ್ಲ.

ದೈಹಿಕ ಶಿಕ್ಷಕಿ, ಸೇಡಂ · ಬುಧವಾರ, ರಾತ್ರಿ 9:05

ಬಿಡಬೇಡಿ ಸರ್, ಅದು ನಿಜ. ನಾನು ಹೇಳುವುದು ಬಲವಾದವರ ಎದುರು ಎಷ್ಟು ಹೊತ್ತು, ಯಾವ ಕೆಲಸಕ್ಕೆ ಎಂಬುದನ್ನು. ನೀವು ಹೇಳಿದ ಶಫಾಲಿ ವರ್ಮಾ ಅವರ ಉದಾಹರಣೆಗೆ ಇನ್ನೊಂದು ಅರ್ಧವಿದೆ. ಹಿರಿಯರ ತಂಡದಲ್ಲಿ ಮೂರು ವರ್ಷ ಆಡಿದ ಮೇಲೂ 2023ರ ಜನವರಿಯಲ್ಲಿ ಅವರು 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ನಾಯಕಿಯಾಗಿ ಆಡಿ ಕಪ್ ಗೆದ್ದರು. ವಯಸ್ಸಿನ ವಿಭಾಗಕ್ಕೆ ಮರಳಿದ್ದರಿಂದ ಅವರ ಆಟ ಸಣ್ಣದಾಗಲಿಲ್ಲ.

ಫಿಸಿಯೊ, ಬೀದರ್ · ಗುರುವಾರ, ಬೆಳಿಗ್ಗೆ 7:20

ಒಂದು ಎಚ್ಚರಿಕೆ ಹೇಳಲೇಬೇಕು. ಈ ಚರ್ಚೆ "ಎರಡೂ ತಂಡದಲ್ಲಿ ಆಡಲಿ" ಎನ್ನುವ ಕಡೆಗೆ ತಿರುಗೀತೆಂದು ನನಗೆ ಅನಿಸುತ್ತಿದೆ. ನನ್ನ ಬಳಿ ನೋವು ಎಂದು ಬರುವ ಮಕ್ಕಳಲ್ಲಿ ನಾನು ಅತಿ ಹೆಚ್ಚು ನೋಡುವುದು ಎರಡು ತಂಡದ ಮಕ್ಕಳನ್ನೇ. ಬೆಳಿಗ್ಗೆ ಒಬ್ಬರ ಬಳಿ ಅಭ್ಯಾಸ, ಸಂಜೆ ಇನ್ನೊಬ್ಬರ ಬಳಿ. ಒಬ್ಬರು ಎಷ್ಟು ಎಸೆಸಿದರೆಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಇಬ್ಬರೂ ಒಳ್ಳೆಯವರೇ, ಭುಜ ಮಾತ್ರ ಒಂದೇ.

ಸಾಫ್ಟ್‌ಬಾಲ್‌ನಲ್ಲಿ ಕೆಳಗಿನಿಂದ ಎಸೆಯುತ್ತಾರೆ, ಆದ್ದರಿಂದ ಭುಜಕ್ಕೆ ತೊಂದರೆಯಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ಕೈ ಪೂರ್ತಿ ಒಂದು ಸುತ್ತು ತಿರುಗಿ ಸೊಂಟದ ಬಳಿ ಚೆಂಡು ಬಿಡುವಾಗ ಭುಜದ ಮುಂಭಾಗದ ಮೇಲೆ, ಬೈಸೆಪ್ಸ್ ಸ್ನಾಯು ಭುಜಕ್ಕೆ ಕೂಡುವ ಜಾಗದ ಮೇಲೆ, ದೊಡ್ಡ ಎಳೆತ ಬೀಳುತ್ತದೆ. ಹೆಣ್ಣುಮಕ್ಕಳು ಅತಿ ವೇಗವಾಗಿ ಎತ್ತರ ಬೆಳೆಯುವುದು ಸಾಮಾನ್ಯವಾಗಿ 11–12ರ ಆಸುಪಾಸಿನಲ್ಲಿ, ಋತುಮತಿಯಾಗುವ ಮೊದಲಿನ ಅವಧಿಯಲ್ಲಿ. ಆಗ ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಇನ್ನೂ ಮೃದುವಾಗಿರುತ್ತದೆ. ಸ್ನಾಯು ಎಳೆದರೆ ಮೊದಲು ನೋಯುವುದು ಅದೇ.

ಜಪಾನಿನ ಪಿಚರ್ ಯುಕಿಕೊ ಯುಎನೊ ಅವರ ಹೆಸರು ಕೇಳಿರಬಹುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಡು ದಿನಗಳಲ್ಲಿ ಮೂರು ಪಂದ್ಯ, 413 ಎಸೆತ ಎಸೆದು ಚಿನ್ನ ಗೆದ್ದರು. ಇದನ್ನು ಕೇಳಿ ಮಕ್ಕಳಿಂದ ದಿನಕ್ಕೆ ನೂರಾರು ಎಸೆಸುವವರನ್ನು ನೋಡಿದ್ದೇನೆ. ಆಗ ಅವರಿಗೆ 26 ವರ್ಷ, ಬೆಳೆದು ನಿಂತ ದೇಹ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2021ರಲ್ಲಿ, 39ನೆಯ ವಯಸ್ಸಿನಲ್ಲಿ, ಅದೇ ಭುಜದಿಂದ ಟೋಕಿಯೊದಲ್ಲಿ ಮತ್ತೆ ಚಿನ್ನ ಗೆದ್ದದ್ದು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಬಾಗಿಲ ಚೌಕಟ್ಟಿನ ಮೇಲೆ ಮೂರು ತಿಂಗಳಿಗೊಮ್ಮೆ ಅವಳ ಎತ್ತರ ಗುರುತು ಮಾಡಿ. ಗುರುತುಗಳ ನಡುವಿನ ಅಂತರ ಹೆಚ್ಚುತ್ತಿದ್ದರೆ ಎಸೆತ ಕಡಿಮೆ ಮಾಡಿ. ಒಂದು ನೋಟ್‌ಬುಕ್‌ನಲ್ಲಿ ಪ್ರತಿದಿನದ ಎಸೆತಗಳ ಸಂಖ್ಯೆ ಬರೆಯಿರಿ, ಮೈದಾನದ್ದು, ಓಣಿಯಲ್ಲಿ ಗೋಡೆಗೆ ಎಸೆದದ್ದು, ಎಲ್ಲವೂ ಸೇರಿ. ಎಸೆಯುವಾಗ ಭುಜದ ಮುಂದೆ ನೋವು ಎಂದರೆ ಆ ದಿನ ಅಲ್ಲಿಗೆ ಮುಗಿಯಿತು.

ಜೇವರ್ಗಿ ತಾಯಿ · ಗುರುವಾರ, ಮಧ್ಯಾಹ್ನ 3:00

ಅಕ್ಕಾ, ಎಲ್ಲರೂ ಭುಜದ ಬಗ್ಗೆ ಬರೆದರು, ನಾನು ಚೀಲದ ಬಗ್ಗೆ ಬರೆಯುತ್ತೇನೆ. ನನ್ನ ಮಗಳು 12ರಲ್ಲೇ ಖೊಖೊ ತಂಡದ ಜೊತೆ ಹೊರ ಜಿಲ್ಲೆಗೆ ಹೋದಳು. ಶಾಲೆಯ ಕೋಣೆಯಲ್ಲಿ ಎಲ್ಲರೂ ಸಾಲಾಗಿ ಮಲಗುವುದು. ಅಲ್ಲೇ ಅವಳಿಗೆ ಮೊದಲ ಬಾರಿ ಮುಟ್ಟು ಬಂತು. ನಾನು ಹತ್ತಿರವಿರಲಿಲ್ಲ. ದೊಡ್ಡ ಹುಡುಗಿಯರು ತಾಯಿಯಂತೆ ನೋಡಿಕೊಂಡರು, ಅವರ ಋಣ ನನ್ನ ಮೇಲಿದೆ. ಆದರೆ ಅವಳಿಗೆ ಮೊದಲೇ ಏನನ್ನೂ ಹೇಳದೆ ಕಳುಹಿಸಿದ್ದು ನನ್ನ ತಪ್ಪು. ಯಾವ ತಂಡಕ್ಕೆ ಕಳುಹಿಸಿದರೂ ಅವಳೊಂದಿಗೆ ಮಾತನಾಡಿ, ಚೀಲದಲ್ಲಿ ಬೇಕಾದದ್ದನ್ನು ಇಟ್ಟು ಕಳುಹಿಸಿ. ಮಹಿಳೆಯರಿಗೆ ಈಗ ಬಸ್ ಪ್ರಯಾಣ ಉಚಿತವಿದೆ, ಸಾಧ್ಯವಾದರೆ ಪಂದ್ಯದ ಊರಿಗೆ ನೀವೂ ಹೊರಡಿ.

ಹೊಲಿಗೆ ಮನೆ, ಕಲಬುರಗಿ · ಭಾನುವಾರ, ರಾತ್ರಿ 10:15

ಇಂದು ಬೆಳಿಗ್ಗೆ 40 ಚೆಂಡುಗಳ ಪರೀಕ್ಷೆ ನಡೆಯಿತು. ಶಿಕ್ಷಕರು ಸಂತೋಷದಿಂದಲೇ ಒಪ್ಪಿದರು. ಬಿಸಿಲು ಏರುವ ಮೊದಲೇ, ಏಳು ಗಂಟೆಗೆ ಶುರು ಮಾಡಿದೆವು. ನಾನು ಅಳತೆ ಬರೆಯುವ ಪುಸ್ತಕದಲ್ಲೇ ಗೆರೆ ಎಳೆದುಕೊಂಡು ಕುಳಿತೆ.

ಐವರು ದೊಡ್ಡ ಹುಡುಗಿಯರು ಸರದಿಯಲ್ಲಿ ಬ್ಯಾಟ್ ಮಾಡಿದರು. ಮೊದಲ 10 ಚೆಂಡುಗಳಲ್ಲಿ ಏಳಕ್ಕೆ ಅವರ ಬ್ಯಾಟ್ ತಾಗಲೇ ಇಲ್ಲ ಅಥವಾ ಸವರಿ ಚೆಂಡು ಹಿಂದಕ್ಕೆ ಹೋಯಿತು. ಶಿಕ್ಷಕರು ನನ್ನ ಕಡೆ ತಿರುಗಿ ನಕ್ಕರು. ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅವರಿಗೆ ವೇಗ ಅಭ್ಯಾಸವಾಯಿತು. ಮುಂದಿನ 20ರಲ್ಲಿ 11ನ್ನು ಸರಿಯಾಗಿ ಹೊಡೆದರು. 26ನೆಯದು ಅವಳ ಎಡಗಾಲಿನ ಪಕ್ಕದಲ್ಲೇ ಹಾದುಹೋಯಿತು. ಅವಳು ಕೈ ಕೂಡ ಒಡ್ಡಲಿಲ್ಲ. ಚೆಂಡು ಹಿಂದೆ ಹೋಗಿ ಬಿದ್ದ ಮೇಲೆ ಕಾಲು ಸರಿಸಿದಳು. ಸೇಡಂ ಮೇಡಂ ಹೇಳಿದ ಅರ್ಧ ಸೆಕೆಂಡ್ ಅಂದರೆ ಏನೆಂದು ಆಗ ಕಣ್ಣಾರೆ ಕಂಡೆ. ಶಿಕ್ಷಕರೂ ಕಂಡರು. ಅವರ ನಗು ನಿಂತಿತು.

ಕೊನೆಯ ಹತ್ತಕ್ಕೆ ಮೊದಲು ಅವಳು ನನ್ನ ಬಳಿ ನೀರು ಕುಡಿಯಲು ಬಂದಳು. ಬುಧವಾರದಿಂದ ಅವಳೂ ಇಲ್ಲಿ ಬರೆದದ್ದನ್ನು ಓದುತ್ತಿದ್ದಾಳೆ. "ಅವ್ವಾ, ನಿಧಾನದ್ದು ಹಾಕಿ ನೋಡಲೇ?" ಎಂದಳು. ನಾಲ್ಕು ಹಾಕಿದಳು. ಎರಡು ನೆಲಕ್ಕೆ ಬಡಿದವು. ಒಂದನ್ನು ದೂರ ಹೊಡೆದರು. ಇನ್ನೊಂದು ಚೆಂಡಿಗೆ ತಂಡದ ಅತಿ ದೊಡ್ಡ ಹುಡುಗಿ ಪೂರ್ತಿ ಬೀಸಿ ಮುಗಿಸಿದ ಮೇಲೆ ಚೆಂಡು ಕ್ಯಾಚರ್ ಕೈಗೆ ಬಂತು. ಎಲ್ಲರೂ ಕಿರುಚಿದರು. ಆ ದೊಡ್ಡ ಹುಡುಗಿಯೇ ಓಡಿ ಬಂದು ಇವಳನ್ನು ಎತ್ತಿಕೊಂಡಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಒಂದು ಚೆಂಡಿನ ಮಾತು. ಬೇಸರ ಎನ್ನುವ ಪದ ಬರಲಿಲ್ಲ. ಕೈಯನ್ನು ಗಾಳಿಯಲ್ಲಿ ಸುತ್ತುತ್ತಲೇ ನಡೆದಳು.

ನಾನು ಶಿಕ್ಷಕರಿಗೆ ಹೇಳಿದ್ದು ಇದು. ಈ ವರ್ಷ ಅವಳು 14ರೊಳಗಿನವರ ತಂಡದಲ್ಲೇ ಎಸೆಯುತ್ತಾಳೆ. ವಾರಕ್ಕೆ ಎರಡು ದಿನ ದೊಡ್ಡವರ ಅಭ್ಯಾಸಕ್ಕೆ ಹೋಗುತ್ತಾಳೆ, ಅಲ್ಲಿ ಬ್ಯಾಟ್ ಮಾಡುತ್ತಾಳೆ, ಫೀಲ್ಡಿಂಗ್ ಮಾಡುತ್ತಾಳೆ, ಎಸೆಯುವುದಿಲ್ಲ. ತನ್ನ ಪಂದ್ಯಗಳಲ್ಲಿ ಪ್ರತಿ ಬ್ಯಾಟರ್‌ಗೆ ಒಂದಾದರೂ ನಿಧಾನದ ಚೆಂಡು ಹಾಕಬೇಕು, ರನ್ ಹೋದರೆ ಅವಳನ್ನು ಬೈಯಬಾರದು. ಮುಂದಿನ ವರ್ಷ ಬಾಗಿಲ ಚೌಕಟ್ಟಿನ ಗುರುತು ನೋಡಿ ಮತ್ತೆ ಕೂತು ಮಾತನಾಡೋಣ ಎಂದೆ.

ಹತ್ತನೆಯ ತರಗತಿಯ ಮಕ್ಕಳ ಮುಖ ನೋಡಲು ನನಗೆ ಕಷ್ಟವಾಯಿತು. ಶಿಕ್ಷಕರು ಬಹಳ ಹೊತ್ತು ಮಾತನಾಡಲಿಲ್ಲ. "ಅವರಿಗೆ ನಾನು ಏನು ಹೇಳಲಿ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹಳೆಯ ಪಿಚರ್, ಶಹಾಬಾದ · ಭಾನುವಾರ, ರಾತ್ರಿ 10:40

ಶಾಲೆಯ ಕೊರತೆಯನ್ನು 12 ವರ್ಷದ ಭುಜ ತುಂಬಬೇಕಾಗಿಲ್ಲ ಅಕ್ಕಾ. ನೀವು ತಪ್ಪು ಮಾಡಿಲ್ಲ. ಆ ತಂಡದಲ್ಲಿ ಒಂಬತ್ತನೆಯ ತರಗತಿಯವರು ಯಾರಾದರೂ ಇದ್ದಾರೆಯೇ? ಗಟ್ಟಿ ಕೈಯವಳು, ತಪ್ಪದೆ ಅಭ್ಯಾಸಕ್ಕೆ ಬರುವವಳು? ಮೂರು ತಿಂಗಳಲ್ಲಿ ಸ್ಟ್ರೈಕ್, ಎಂದರೆ ಬ್ಯಾಟರ್ ಹೊಡೆಯಬಹುದಾದ ಜಾಗಕ್ಕೆ ಸರಿಯಾಗಿ ಚೆಂಡು, ಹಾಕುವಷ್ಟು ಕಲಿಸಬಹುದು. ಈ ವರ್ಷ ಗೆಲ್ಲದಿದ್ದರೂ ಪಂದ್ಯ ಆಡಬಹುದು.

ಆಳಂದದ ಮುತ್ಯಾ · ಸೋಮವಾರ, ಬೆಳಿಗ್ಗೆ 5:30

ಉಸ್ತಾದರು ಇದ್ದಿದ್ದರೆ ಇದನ್ನೇ ಮಾಡುತ್ತಿದ್ದರು ತಾಯಿ. ಮಗುವಿಗೆ ನನ್ನ ಆಶೀರ್ವಾದ.

ಹೊಲಿಗೆ ಮನೆ, ಕಲಬುರಗಿ · ಗುರುವಾರ, ರಾತ್ರಿ 9:30

ಶಹಾಬಾದದ ತಂಗೀ, ನೀನು ಹೇಳಿದ್ದನ್ನು ಶಿಕ್ಷಕರಿಗೆ ಓದಿ ಹೇಳಿದೆ. ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ಕಾಯುವ ಶಾರ್ಟ್‌ಸ್ಟಾಪ್, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎಸೆಯಲು ಮುಂದೆ ಬಂದಿದ್ದಾಳೆ. ಇಂದು ಸಂಜೆ ನಾನು ಹೋದಾಗ ನನ್ನ ಮಗಳು ಅವಳ ಹಿಂದೆ ನಿಂತು, ತುದಿಗಾಲಲ್ಲಿ ಏರಿ, ಅವಳ ಮೊಣಕೈಯನ್ನು ಸೊಂಟದ ಬಳಿಗೆ ಎಳೆದು ತೋರಿಸುತ್ತಿದ್ದಳು. "ಅಕ್ಕಾ, ಇಲ್ಲಿ ಬಿಡಬೇಕು, ಇಲ್ಲಿ." ಆ ಹುಡುಗಿಯ ಮೊದಲ ಐದು ಚೆಂಡು ಬೇವಿನ ಮರದ ಕಡೆಗೇ ಬಂದವು, ನಾನು ಹೊಲಿಗೆಯ ಚೀಲ ಎತ್ತಿಕೊಂಡು ಪಕ್ಕಕ್ಕೆ ಸರಿದೆ. ಆರನೆಯದು ನೇರವಾಗಿ ಹೋಯಿತು.

ಬೀದರಿನ ಫಿಸಿಯೊ ಅವರೇ, ಇಂದಿನ ಸಂಖ್ಯೆ 45. ತೋರಿಸಲು ಎಸೆದದ್ದನ್ನೂ ಸೇರಿಸಿದ್ದೇನೆ.

ಒಂದು ಸಹಾಯ ಬೇಕಿತ್ತು. ಮುಖದ ಮಾಸ್ಕ್ ಇಲ್ಲಿನ ಅಂಗಡಿಗಳಲ್ಲಿ ದೊಡ್ಡವರ ಅಳತೆಯದು ಮಾತ್ರ ಇದೆ, ಇವಳ ಕೆನ್ನೆಯ ಮೇಲೆ ಜಾರುತ್ತದೆ. ಪಟ್ಟಿ ಬೇಕಾದರೆ ನಾನೇ ಹೊಲಿಯುತ್ತೇನೆ, ಕಂಬಿ ಮಾತ್ರ ಚಿಕ್ಕದಿರಬೇಕು. ಯಾರ ಬಳಿಯಾದರೂ ಇದೆಯೇ?

ಹಳೆಯ ಪಿಚರ್, ಶಹಾಬಾದ · ಗುರುವಾರ, ರಾತ್ರಿ 9:42

ನನ್ನದು ಅಟ್ಟದ ಮೇಲಿದೆ. 13ರಲ್ಲಿ ಕೊಂಡದ್ದು, ಬಳಸಿದ್ದು ಕಡಿಮೆ. ಭಾನುವಾರ ಕಲಬುರಗಿಗೆ ಬರುತ್ತಿದ್ದೇನೆ, ಹನ್ನೊಂದಕ್ಕೆ ಸೂಪರ್ ಮಾರ್ಕೆಟ್ ಬಳಿ ಸಿಗುತ್ತೇನೆ. ಮಗಳನ್ನು ಕರೆತನ್ನಿ ಅಕ್ಕಾ, ಹಾಕಿಸಿ ನೋಡಬೇಕು.